ತುರಿಕೆ ಎಲ್ಲಿದೆ ಅಂತ ಮೊದಲು ನೋಡಿ

ನಾಯಿ ಕೆರೆದುಕೊಳ್ಳಲು ಶುರು ಮಾಡಿದರೆ "ಏನು ಹಚ್ಚಬೇಕು?" ಅಂತ ಎಲ್ಲರೂ ಕೇಳುತ್ತಾರೆ. ನಾನು ಮೊದಲು ನೋಡುವುದು ಎಲ್ಲಿ ಕೆರೆದುಕೊಳ್ಳುತ್ತಿದೆ ಅನ್ನುವುದನ್ನು. ಬಾಲದ ಬುಡ, ಸೊಂಟ, ಹಿಂಗಾಲಿನ ತೊಡೆ ಆದರೆ ಚಿಗಟದ ಮೇಲೆ ಅನುಮಾನ. ಪಾದ ನೆಕ್ಕುವುದು, ಕಿವಿ ಕೊಡವುವುದು, ಹೊಟ್ಟೆ ಕೆಂಪಾಗುವುದು ಇದ್ದರೆ ಊಟದ್ದೋ ಧೂಳು, ಪರಾಗದ್ದೋ ಅಲರ್ಜಿ ಇರಬಹುದು. ಕಿವಿಯ ಅಂಚು, ಮೊಣಕೈಗಳಲ್ಲಿ ಕೂದಲು ಉದುರಿ ಹೊಟ್ಟು ಕಟ್ಟಿದ್ದರೆ ಕಜ್ಜಿ ಇದೆಯಾ ಅಂತ ಪರೀಕ್ಷೆ ಮಾಡಿಸಬೇಕು. ಅದು ಮನೆಯವರಿಗೂ ಅಂಟುತ್ತದೆ. ಹಿಂಭಾಗವನ್ನು ನೆಲಕ್ಕೆ ಉಜ್ಜಿಕೊಂಡು ಹೋಗುತ್ತಿದ್ದರೆ ಗುದದ ಪಕ್ಕದ ಗ್ರಂಥಿ ತುಂಬಿರಬಹುದು. ಅದನ್ನು ಡಾಕ್ಟರ್ ಹತ್ತಿರ ಖಾಲಿ ಮಾಡಿಸುವುದೇ ಸರಿ.

ನಮ್ಮ ಲ್ಯಾಬ್ರಡಾರ್ ಕೆಂಚನಿಗೆ ತುರಿಕೆ ಶುರುವಾಗಿದ್ದು ಮಳೆಗಾಲದಲ್ಲಿ. ಬಾಲದ ಬುಡವನ್ನು ಕಚ್ಚಿ ಕಚ್ಚಿ ಹಸಿ ಗಾಯ ಮಾಡಿಕೊಂಡಿದ್ದ. ಮೈಮೇಲೆ ಒಂದು ಚಿಗಟವೂ ಕಾಣುತ್ತಿರಲಿಲ್ಲ. ಆಗ ಡಾಕ್ಟರ್ ಹೇಳಿಕೊಟ್ಟ ಪರೀಕ್ಷೆ ತುಂಬ ಸುಲಭದ್ದು. ಹೇನಿನ ಬಾಚಣಿಗೆಯಿಂದ ಬಾಲದ ಬುಡ ಬಾಚಿ, ಉದುರಿದ ಕರಿ ಕಸವನ್ನು ಒದ್ದೆ ಬಿಳಿ ಟಿಶ್ಯೂ ಮೇಲೆ ಹಾಕಬೇಕು. ಬರೀ ಮಣ್ಣಾದರೆ ಹಾಗೇ ಇರುತ್ತದೆ. ಸುತ್ತ ಕೆಂಪು ಕಂದು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಕೆಂಚನದು ಕೆಂಪು ಬಿಟ್ಟಿತು. ಚಿಗಟದ ಜೊಲ್ಲಿಗೇ ಅಲರ್ಜಿ ಇರುವ ನಾಯಿಗೆ ಒಂದೆರಡು ಕಡಿತವೇ ಸಾಕು, ದಿನಗಟ್ಟಲೆ ತುರಿಕೆ ನಿಲ್ಲುವುದಿಲ್ಲ.

ಇಲ್ಲಿ ನಾಯಿಗಿಂತ ಜಾಸ್ತಿ ಕೆಲಸ ಇರುವುದು ಮನೆಗೆ. ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡಬಲ್ಲದು. ಅವು ಕೂದಲಿಗೆ ಅಂಟಿಕೊಳ್ಳದೆ ಮಲಗುವ ಜಾಗದಲ್ಲೆಲ್ಲ ಉದುರುತ್ತವೆ. ಮರಿಗಳು ಬೆಳಕು ತಪ್ಪಿಸಿಕೊಂಡು ಚಾಪೆಯ ಅಡಿ, ನೆಲದ ಬಿರುಕು ಸೇರುತ್ತವೆ. ಆಮೇಲೆ ಗೂಡು ಕಟ್ಟಿಕೊಂಡು ತಿಂಗಳುಗಟ್ಟಲೆ ಕಾಯಬಲ್ಲವು. ಹಾಗಾಗಿ ನಾಯಿಗೆ ಮಾತ್ರೆ ಕೊಟ್ಟರೂ ಹೊಸ ಚಿಗಟ ಬರುತ್ತಲೇ ಇರುತ್ತದೆ, ಔಷಧಿಯೇ ಸರಿ ಇಲ್ಲ ಅಂತ ಜನ ಬಿಟ್ಟುಬಿಡುತ್ತಾರೆ. ನಾನು ಕೆಂಚನ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದೆ. ಅವನು ಮಲಗುತ್ತಿದ್ದ ಹಳೇ ಗೋಣಿಚೀಲ ಸುಟ್ಟೆ. ಜಗಲಿಯ ಮೂಲೆ ಮೂಲೆಗೂ ವ್ಯಾಕ್ಯೂಮ್ ಹಾಕಿ, ಚೀಲದ ಕಸವನ್ನು ಅವತ್ತೇ ಹೊರಗೆ ಎಸೆಯುತ್ತಿದ್ದೆ. ಮನೆಯ ಬೆಕ್ಕಿಗೂ ಔಷಧಿ ಬೇಕು, ಆದರೆ ನಾಯಿಯದನ್ನೇ ಹಾಕಬಾರದು. ನಾಯಿಯ ಬೆನ್ನಿಗೆ ಹಾಕುವ ಎಷ್ಟೋ ಔಷಧಿಗಳಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುತ್ತದೆ. ಅದು ಬೆಕ್ಕಿನ ಜೀವವನ್ನೇ ತೆಗೆಯಬಹುದು. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಒತ್ತಿ ಹೇಳುತ್ತಿದ್ದೇನೆ.

ಬಾಲದ ಗಾಯ ಮಾಗಿತು, ಕೂದಲೂ ಬಂತು. ಆದರೆ ಪಾದ ನೆಕ್ಕುವುದು ನಿಲ್ಲಲಿಲ್ಲ. ಬೆರಳ ಸಂದಿಯ ಕೂದಲು ಜೊಲ್ಲಿಗೆ ಕಂದು ಬಣ್ಣಕ್ಕೆ ತಿರುಗಿತ್ತು, ಕಿವಿ ಹುಳಿ ವಾಸನೆ ಹೊಡೆಯುತ್ತಿತ್ತು. ಪಕ್ಕದ ಮನೆಯವರು, "ಸುಮ್ನೆ ಒಂದು ಇಂಜೆಕ್ಷನ್ ಹಾಕಿಸಿಬಿಡಿ ಅಕ್ಕಾ, ನಮ್ಮದಕ್ಕೆ ಒಂದೇ ದಿನದಲ್ಲಿ ಹೋಯ್ತು" ಅಂದರು. ಅವರು ಹೇಳಿದ್ದು ಸ್ಟೀರಾಯ್ಡ್ ಇಂಜೆಕ್ಷನ್. ಅದು ಹಾಗೆ ಬೇಗ ತುರಿಕೆ ಇಳಿಸುತ್ತದೆ, ನಿಜ. ಕೆಲವು ಸಲ ಬೇಕೂ ಬೇಕು. ಆದರೆ ಕಾರಣ ಹಾಗೇ ಉಳಿಯುತ್ತದಲ್ವಾ? ನಮ್ಮ ಡಾಕ್ಟರ್ ಮೊದಲು ಕಿವಿಯ ಸೋಂಕಿಗೆ ಔಷಧಿ ಕೊಟ್ಟು, ಆಮೇಲೆ ಊಟದ ಪರೀಕ್ಷೆ ಮಾಡೋಣ ಅಂದರು.

ಇದಕ್ಕೆ ಕನಿಷ್ಠ 8 ವಾರ ಬೇಕು. ನಾಯಿ ಈವರೆಗೆ ತಿನ್ನದ ಒಂದು ಮಾಂಸ, ಜೊತೆಗೆ ಹೊಸದೊಂದು ಹಿಟ್ಟಿನ ಪದಾರ್ಥ. ಅಷ್ಟೇ, ಬೇರೇನೂ ಇಲ್ಲ. ಕೆಂಚ ಅಲ್ಲಿವರೆಗೂ ಕೋಳಿ, ಮೊಟ್ಟೆ, ಹಾಲು, ಚಪಾತಿ ತಿಂದವನು. ಹಾಗಾಗಿ ಮುಳ್ಳು ಬಿಡಿಸಿದ ಮೀನು, ಬೇಯಿಸಿದ ಗೆಣಸು ಅಂತ ಡಾಕ್ಟರ್ ಬರೆದುಕೊಟ್ಟರು. ಅಡುಗೆ ಕಷ್ಟ ಅಲ್ಲ, ಮನೆಯವರನ್ನು ತಡೆಯುವುದೇ ಕಷ್ಟ. ನಮ್ಮ ಅತ್ತೆಗೆ ಕಾಫಿ ಜೊತೆ ಅವನಿಗೊಂದು ಬಿಸ್ಕತ್ತು ಕೊಡದಿದ್ದರೆ ಸಮಾಧಾನವೇ ಇಲ್ಲ. ಒಂದು ಬಿಸ್ಕತ್ತು ಸಾಕು ಪರೀಕ್ಷೆ ಕೆಡಲು, ಮಾಂಸದ ರುಚಿ ಹಾಕಿದ ಮಾತ್ರೆಯೂ ಆಗದು. ಕೊನೆಗೆ ಗೆಣಸಿನ ಒಣ ಚೂರುಗಳನ್ನು ಡಬ್ಬಿಗೆ ತುಂಬಿ ಅತ್ತೆಯ ಕೈಗೇ ಕೊಟ್ಟೆ. ಅವರಿಗೂ ಖುಷಿ, ಅವನಿಗೂ ಖುಷಿ.

ತುರಿಕೆ ನಿಧಾನವಾಗಿ ಇಳಿಯಿತು. ಆದರೆ ಇಳಿದಿದ್ದು ಊಟದಿಂದಲೇ ಅಂತ ಗೊತ್ತಾಗಬೇಕಾದರೆ ಹಳೇ ಪದಾರ್ಥಗಳನ್ನು ಒಂದೊಂದಾಗಿ ಮತ್ತೆ ಕೊಟ್ಟು, ಒಂದೊಂದಕ್ಕೂ ಎರಡು ವಾರದವರೆಗೆ ಕಾದು ನೋಡಬೇಕು. ಸುಮಾರು ಜನ ಇದನ್ನು ಮಾಡುವುದೇ ಇಲ್ಲ. ಹಾಲು ಕೊಟ್ಟೆ, ಏನೂ ಆಗಲಿಲ್ಲ. ಚಪಾತಿಗೂ ಇಲ್ಲ. ಕೋಳಿ ಕೊಟ್ಟ ಕೆಲವೇ ದಿನಕ್ಕೆ ಮತ್ತೆ ಪಾದ ನೆಕ್ಕಲು ಶುರು. ಈಗ ಡಬ್ಬಿ ಆಹಾರ ತರುವಾಗ ಮುಂದಿನ ಚಿತ್ರ ನೋಡುವುದಿಲ್ಲ, ಹಿಂದಿನ ಸಣ್ಣಕ್ಷರ ಓದುತ್ತೇನೆ. ಮೀನಿನದು ಅಂತ ಬರೆದ ಎಷ್ಟೋ ಪ್ಯಾಕೆಟ್‌ನಲ್ಲಿ ಕೋಳಿಯ ಕೊಬ್ಬು ಇರುತ್ತದೆ.

ಸ್ನಾನಕ್ಕೆ ನಮ್ಮ ಶ್ಯಾಂಪೂ ಬಳಸುವುದಿಲ್ಲ, ಅದು ನಾಯಿಯ ಚರ್ಮಕ್ಕೆ ಹೊಂದುವುದಿಲ್ಲ. ಡಾಕ್ಟರ್ ಬರೆದುಕೊಟ್ಟ, ಸೋಂಕಿನ ಕ್ರಿಮಿ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಶ್ಯಾಂಪೂ ಹಚ್ಚಿ 10 ನಿಮಿಷ ಬಿಟ್ಟು ತೊಳೆಯಬೇಕು. ತಕ್ಷಣ ತೊಳೆದರೆ ದುಡ್ಡು ದಂಡ. ಸೀಮೆಎಣ್ಣೆ, ಫಿನಾಯಿಲ್ ಮೈಗೆ ಹಚ್ಚುವುದನ್ನು ಹಳ್ಳಿಯಲ್ಲಿ ಈಗಲೂ ನೋಡುತ್ತೇನೆ. ಚರ್ಮ ಸುಡುತ್ತದೆ, ನೆಕ್ಕಿದರೆ ವಿಷ. ದಯವಿಟ್ಟು ಬೇಡ. ಮಳೆಗಾಲದಲ್ಲಿ ಹೊರಗಿನಿಂದ ಬಂದ ಕೂಡಲೇ ಕೆಂಚನ ಬೆರಳ ಸಂದಿ, ಬಾಲದ ಅಡಿ ಒಣಬಟ್ಟೆಯಿಂದ ಒರೆಸುತ್ತೇನೆ. ವಾರಕ್ಕೊಮ್ಮೆ ಬಾಚಣಿಗೆ, ಟಿಶ್ಯೂ ಪರೀಕ್ಷೆ ಇದ್ದೇ ಇದೆ.