ಸಂಶೋಧನೆಗಾಗಿ ಕೋತಿ ಸಾಕಣೆ ಹೆಚ್ಚಿಸಿದ ನನ್ನ ಅನುಭವ

ಕೋವಿಡ್ ಲಸಿಕೆಗಳ ಪರೀಕ್ಷೆ ಜೋರಾಗಿದ್ದಾಗ ರೀಸಸ್ ಕೋತಿಗಳಿಗೆ ಬರ ಬಂತು. ಅದೇ 2020ರಲ್ಲಿ ಚೀನಾ ಕಾಡುಪ್ರಾಣಿಗಳ ರಫ್ತು ನಿಲ್ಲಿಸಿತು. ಭಾರತವಂತೂ 1978ರಲ್ಲೇ ಕೋತಿಗಳ ರಫ್ತಿಗೆ ಬಾಗಿಲು ಹಾಕಿತ್ತು. ಹಾಗಾಗಿ ನಮ್ಮ ಕೇಂದ್ರದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ನಾವೇ ಜಾಸ್ತಿ ಸಾಕೋಣ. ಪಶುವೈದ್ಯೆಯಾದ ನನ್ನ ಮೇಲೆ ಆ ಹೊಣೆ ಬಿತ್ತು.

ಮೊದಲ ಸಭೆಗೆ ನಾನು ಕಟ್ಟಡದ ನಕ್ಷೆ ಒಯ್ಯಲಿಲ್ಲ, ಒಂದು ಲೆಕ್ಕದ ಹಾಳೆ ಒಯ್ದೆ. ರೀಸಸ್ ಹೆಣ್ಣು ಮರಿ ಹಾಕಲು ಶುರುಮಾಡುವುದು ಸುಮಾರು 4 ವರ್ಷಕ್ಕೆ. ಗರ್ಭ ಐದೂವರೆ ತಿಂಗಳು. ವರ್ಷಕ್ಕೆ ಹೆಚ್ಚೆಂದರೆ ಒಂದು ಮರಿ, ಅದರಲ್ಲೂ ಅರ್ಧ ಗಂಡು. ಬಯಲು ಆವರಣದಲ್ಲಿ ಅವು ಋತು ನೋಡಿಯೇ ಕೂಡುವುದು. ಆ ತಿಂಗಳುಗಳು ತಪ್ಪಿದರೆ ಇಡೀ ವರ್ಷ ಹೋದಂತೆ. ಇವತ್ತು ಹುಟ್ಟಿದ ಹೆಣ್ಣು ಬೆಳೆದು, ಅದರ ಮರಿ ಅಧ್ಯಯನಕ್ಕೆ ಸಿಗುವ ಹೊತ್ತಿಗೆ ಏಳೆಂಟು ವರ್ಷ ಕಳೆದಿರುತ್ತದೆ.

ಇನ್ನೊಂದು ವಿಷಯ ಯಾರಿಗೂ ರುಚಿಸಲಿಲ್ಲ. ಮರಿ ಹಾಕಲೆಂದು ಉಳಿಸಿಕೊಂಡ ಪ್ರತಿ ಹೆಣ್ಣೂ ಸಂಶೋಧಕರ ಕೈಗೆ ಸಿಗದ ಹೆಣ್ಣು. ಅಂದರೆ ವಿಸ್ತರಣೆಯ ಮೊದಲ ವರ್ಷಗಳಲ್ಲಿ ನಾವು ಕೊಡುವ ಸಂಖ್ಯೆ ಇಳಿಯುತ್ತದೆ. ಇದನ್ನು ಬರೆದು ಎಲ್ಲರ ಸಹಿ ಹಾಕಿಸಿಕೊಂಡೆ. ಆ ಕಾಗದ ಆಮೇಲೆ ಎಷ್ಟು ಸಲ ಉಪಯೋಗಕ್ಕೆ ಬಂತೋ!

ಕಟ್ಟಡದ್ದು ಹೆಚ್ಚು ಹೇಳುವುದಿಲ್ಲ. ಎತ್ತರದಲ್ಲಿ ಕೂರಲು ಹಲಗೆಗಳು, ಒಬ್ಬರಿಗೊಬ್ಬರು ಕಾಣದಂತೆ ಮರೆಗೋಡೆಗಳು, ನೀರು ನಿಲ್ಲದ ನೆಲ, ಒಂದರ ಹಿಂದೆ ಒಂದು ಎರಡು ಬಾಗಿಲು. ನಾನು ಹಟ ಹಿಡಿದದ್ದು ಒಂದಕ್ಕೇ: ಪ್ರತಿ ಒಳಕೋಣೆಗೂ ಎರಡು ದಾರಿ ಬೇಕು. ಒಂದೇ ದಾರಿಯಿದ್ದರೆ ಬಲವಾದ ಕೋತಿ ಅಲ್ಲೇ ಕೂತುಬಿಡುತ್ತದೆ, ಮೆತ್ತಗಿನದು ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ.

ನಿಜವಾದ ಕೆಲಸ ಗುಂಪು ಕಟ್ಟುವುದು. 'ಎಲ್ಲ ಗುಂಪುಗಳಿಂದ ಚೆನ್ನಾಗಿ ಮರಿ ಹಾಕುವ ಹೆಣ್ಣುಗಳನ್ನು ಆರಿಸಿ ಹೊಸ ಆವರಣ ತುಂಬಿಸಿ' ಎಂಬ ಸಲಹೆ ಬಂತು. ಕಾಗದದ ಮೇಲೆ ಚೆಂದ. ಆದರೆ ರೀಸಸ್ ಸಮಾಜ ನಿಂತಿರುವುದೇ ತಾಯಿಯ ಕಡೆಯ ಕುಟುಂಬಗಳ ಮೇಲೆ. ಮಗಳ ಸ್ಥಾನ ತಾಯಿಯ ಸ್ಥಾನದಿಂದ ಬರುತ್ತದೆ. ಜಗಳವಾದಾಗ ನೆಂಟರು ಓಡಿ ಬರುತ್ತಾರೆ. ಆ ಬೆಂಬಲ ಮುರಿದರೆ ಕೆಳಗಿನ ಕುಟುಂಬಗಳು ಒಟ್ಟಾಗಿ ಮೇಲಿನವರ ಮೇಲೆ ಬೀಳುತ್ತವೆ. ಒಂದೇ ದಿನದಲ್ಲಿ ಹಲವು ಪ್ರಾಣಿಗಳು ಸಾಯಬಹುದು. ಹಾಗಾಗಿ ನಾವು ಅಜ್ಜಿ, ಮಗಳಂದಿರು, ಮೊಮ್ಮಕ್ಕಳು ಎಂದು ಇಡೀ ಕುಟುಂಬವನ್ನೇ ಎತ್ತಿ ಹೊಸ ಜಾಗಕ್ಕೆ ಸೇರಿಸಿದೆವು. ಮರಿಗಳನ್ನು ತಾಯಿಯಿಂದ ಬೇಗ ಬಿಡಿಸಲಿಲ್ಲ.

ನೆಂಟರ ನಡುವೆಯೇ ಮರಿ ಹುಟ್ಟದಂತೆ ಗುಂಪುಗಳ ನಡುವೆ ಗಂಡುಗಳನ್ನು ಮಾತ್ರ ಅದಲುಬದಲು ಮಾಡಿದೆವು. ಕಾಡಿನಲ್ಲೂ ಪ್ರಾಯಕ್ಕೆ ಬಂದ ಗಂಡೇ ಅಲ್ವಾ ಮನೆ ಬಿಡುವುದು? ಹೊಸ ಗಂಡನ್ನು ಮೊದಲು ಜಾಲರಿಯ ಆಚೆ ಇಟ್ಟು, ಹೆಣ್ಣುಗಳು ಒಪ್ಪಿದವು ಅನ್ನಿಸಿದ ಮೇಲೆಯೇ ಒಳಗೆ ಬಿಟ್ಟೆವು. ಪ್ರತಿ ಮರಿಯ ಡಿಎನ್‌ಎ ನೋಡಿ ಅಪ್ಪ ಯಾರೆಂದು ಗುರುತಿಸುತ್ತೇವೆ. ಗುಂಪಿನ ಯಜಮಾನನೇ ಎಲ್ಲ ಮರಿಗಳ ಅಪ್ಪ ಎಂದುಕೊಂಡು ದಾಖಲೆ ಬರೆದರೆ ವಂಶಾವಳಿಯೇ ಸುಳ್ಳಾಗುತ್ತದೆ.

ಸೋಂಕು ರೋಗದ ಸಂಶೋಧನೆಗೆ ಸಂಖ್ಯೆಯಷ್ಟೇ ಸಾಲದು. ಬಿ ವೈರಸ್, ಎಸ್‌ಐವಿ, ಎಸ್‌ಆರ್‌ವಿ, ಎಸ್‌ಟಿಎಲ್‌ವಿ ಎಂಬ ಕೋತಿಗಳ ಈ ನಾಲ್ಕು ವೈರಸ್‌ಗಳು ಮೈಯಲ್ಲಿ ಇರಕೂಡದು. ರೋಗನಿರೋಧಕ ಶಕ್ತಿಯನ್ನೇ ಕೆಡಿಸುವ ವೈರಸ್ ಮೊದಲೇ ಮೈಯಲ್ಲಿದ್ದರೆ ಲಸಿಕೆಯ ಫಲಿತಾಂಶಕ್ಕೆ ಏನರ್ಥ? ಬಿ ವೈರಸ್ ಕೋತಿಗೆ ಸಾಮಾನ್ಯವಾಗಿ ಬಾಯಿಹುಣ್ಣಷ್ಟೇ ತರುತ್ತದೆ. ಮನುಷ್ಯರಿಗೆ ಮಿದುಳಿಗೇರಿ ಕೊಲ್ಲಬಹುದು. 1997ರಲ್ಲಿ ಅಮೆರಿಕದ ಯುವ ಸಂಶೋಧಕಿಯೊಬ್ಬರು ಕೋತಿಯಿಂದ ಕಣ್ಣಿಗೆ ಹನಿ ಸಿಡಿದೇ ತೀರಿಕೊಂಡರು. ಕಣ್ಣಿನ ರಕ್ಷಣೆಗೆ ಹಾಕುವ ಕನ್ನಡಕ ಬೆವರುತ್ತದೆ ಎಂದು ಗೊಣಗುವವರಿಗೆ ನಾನು ಹೇಳುವುದು ಇದನ್ನೇ. ಕಚ್ಚಿದರೆ, ಪರಚಿದರೆ ಮೊದಲು 15 ನಿಮಿಷ ತೊಳೆಯಬೇಕು, ಉಳಿದದ್ದೆಲ್ಲ ಆಮೇಲೆ.

ಬಿ ವೈರಸ್ ಕೋತಿಗಳಲ್ಲಿ ಹೆಚ್ಚಾಗಿ ಹರಡುವುದು ಅವು ಪ್ರಾಯಕ್ಕೆ ಬರುವಾಗ. ಆದ್ದರಿಂದ ವೈರಸ್ ಇಲ್ಲದ ಗುಂಪನ್ನು ಹೊಸದಾಗಿ ಶುರುಮಾಡುವಾಗ ಮಾತ್ರ ಹಾಲು ಬಿಟ್ಟ ಮರಿಗಳನ್ನು ಆರಿಸಿಕೊಂಡೆವು. ಮೇಲೆ ಹೇಳಿದ ಕುಟುಂಬದ ನಿಯಮಕ್ಕೆ ಇದೊಂದೇ ವಿನಾಯಿತಿ, ಅದೂ ಮನಸ್ಸಿಲ್ಲದೆ ಕೊಟ್ಟದ್ದು. ವೈರಸ್ ನರಗಳಲ್ಲಿ ಅಡಗಿ ಕೂರುವುದರಿಂದ ಒಂದು ನೆಗೆಟಿವ್ ವರದಿ ನಂಬುವಂತಿಲ್ಲ. ಚಿಕ್ಕ ಗುಂಪುಗಳಲ್ಲಿಟ್ಟು ಮತ್ತೆ ಮತ್ತೆ ರಕ್ತ ಪರೀಕ್ಷಿಸಿದೆವು. ಕ್ಷಯಕ್ಕೆ ಬೇರೆ ಪರೀಕ್ಷೆ: ಮೇಲಿನ ರೆಪ್ಪೆಯ ಚರ್ಮಕ್ಕೆ ಟ್ಯೂಬರ್ಕುಲಿನ್ (ಕ್ಷಯದ ರೋಗಾಣುವಿನಿಂದ ತಯಾರಿಸಿದ ಪರೀಕ್ಷಾ ದ್ರವ) ಚುಚ್ಚಿ 24, 48, 72 ಗಂಟೆಗೆ ಊತ ನೋಡುವುದು. ಕ್ಷಯ, ದಡಾರ ನಮ್ಮಿಂದಲೂ ಅವಕ್ಕೆ ಹೋಗುತ್ತವೆ. ಹಾಗಾಗಿ ನಮಗೂ ತಪಾಸಣೆ ಉಂಟು.

ಈಗ ಬೇಡಿಕೆ ಬಂದಾಗ ನಾನು ಮೊದಲು ಕೇಳುವುದು, ಕೋತಿಯೇ ಬೇಕಾ ಎಂದು. ಕೊರೊನಾ ವೈರಸ್ಸಿನ ಎಷ್ಟೋ ಪ್ರಶ್ನೆಗಳಿಗೆ ಸಿರಿಯನ್ ಹ್ಯಾಮ್‌ಸ್ಟರ್ ಸಾಕಾಯಿತು. ಕೋತಿ ಬೇಕೇಬೇಕು ಅಂದರೆ, ಎರಡು ಸಂಶೋಧನಾ ತಂಡಗಳು ಒಂದೇ ಹೋಲಿಕೆ ಗುಂಪನ್ನು (ಪರೀಕ್ಷೆಯ ಲಸಿಕೆ ಪಡೆಯದ ಕೋತಿಗಳನ್ನು) ಹಂಚಿಕೊಳ್ಳಬಹುದಾ ನೋಡುತ್ತೇನೆ. ಸಂಶೋಧಕರಿಗೆ ಕೆಲವೊಮ್ಮೆ ಸಿಟ್ಟು ಬರುತ್ತದೆ. ಬರಲಿ. ಹೀಗೆ ಉಳಿದ ಹೆಣ್ಣುಗಳು ಮುಂದಿನ ಋತುವಿಗೆ ತಮ್ಮ ಕುಟುಂಬದಲ್ಲೇ ಇರುತ್ತವೆ.