ಗೋಡೆಯ ಹಿಂದೆ ನಿಂತ ನೀರು

ಮಲೆನಾಡಿನಲ್ಲಿ ಸಮತಟ್ಟು ಜಾಗ ಸಿಗುವುದೇ ಕಡಿಮೆ. ಮನೆ ಕಟ್ಟಬೇಕೆಂದರೆ ಗುಡ್ಡ ಕಡಿಯಬೇಕು, ಕಡಿದಲ್ಲಿ ಧರೆ, ಅಂದರೆ ನೆಟ್ಟಗಿನ ಮಣ್ಣಿನ ಬದಿ, ಉಳಿಯುತ್ತದೆ, ಧರೆ ಜರಿಯದಂತೆ ಗೋಡೆ ಬೇಕಾಗುತ್ತದೆ. ತೀರ್ಥಹಳ್ಳಿ, ಹೊಸನಗರ ಕಡೆ ಸಿವಿಲ್ ಕೆಲಸ ಮಾಡಿಕೊಂಡಿರುವ ನನಗೆ ಮಳೆಗಾಲ ಮುಗಿಯುತ್ತಿದ್ದಂತೆ ಬರುವ ಫೋನುಗಳಲ್ಲಿ ಹೆಚ್ಚಿನವು ಬಿದ್ದ ಗೋಡೆಯವೇ. ಹೋಗಿ ನೋಡಿದರೆ ಕಲ್ಲು ಗಟ್ಟಿಯಾಗಿಯೇ ಇರುತ್ತದೆ, ಸಿಮೆಂಟೂ ಧಾರಾಳವಾಗಿ ಹಾಕಿರುತ್ತಾರೆ. ನೀರು ಹೊರಬರಲು ಮಾತ್ರ ಎಲ್ಲೂ ದಾರಿ ಬಿಟ್ಟಿರುವುದಿಲ್ಲ.

ಆಗುಂಬೆ ರಸ್ತೆಯ ಕಡೆ ಅಡಿಕೆ ಬೆಳೆಗಾರರಾದ ಒಬ್ಬ ಗೌಡ್ರ ಮನೆ ಹಿಂದೆ ನಾನು ಕಟ್ಟಿಸಿದ ಗೋಡೆಯ ವಿಚಾರ ಹೇಳುತ್ತೇನೆ. ಅಲ್ಲಿ ಮೊದಲಿದ್ದದ್ದು ಗಾರೆಯಿಲ್ಲದೆ ಜಂಬಿಟ್ಟಿಗೆ ಪೇರಿಸಿದ ಹಳೆಯ ಗೋಡೆ. ಗೌಡ್ರ ತಂದೆಯ ಕಾಲದಿಂದ ನಿಂತಿತ್ತು. ಮನೆಯಲ್ಲಿ ಮದುವೆ ಬಂತು, ಚಂದ ಕಾಣಲಿ ಎಂದು ಅದರ ಮುಖಕ್ಕೆ ಸಿಮೆಂಟ್ ಗಿಲಾವು ಮಾಡಿಸಿದರು. ಮುಂದಿನ ಆಷಾಢದ ಮಳೆಗೆ ನಡುವೆ ಹೊಟ್ಟೆ ಬಂದು ಗೋಡೆ ಜರಿಯಿತು. ಹಿರಿಯರು ಕಟ್ಟಿದ ಗೋಡೆಯ ಬಲ ಇದ್ದದ್ದು ಅದರ ಸಂದುಗಳಲ್ಲಿ. ಪ್ರತಿ ಸಂದಿನಿಂದಲೂ ನೀರು ಬಸಿದುಹೋಗುತ್ತಿತ್ತು. ಗಿಲಾವು ಮಾಡಿದ ದಿನದಿಂದ ಅದು ಅಣೆಕಟ್ಟೆಯಾಯಿತು.

'ಈ ಸಲ ದಪ್ಪ ಕಟ್ಟಿಸಿ ಬಿಡಣ ಸಾರ್, ಖರ್ಚಾದ್ರೆ ಆಗ್ಲಿ' ಎಂದರು ಗೌಡ್ರು. ನಾನು ಅವರ ಜಗುಲಿಯಲ್ಲೇ ಕೂತು ಲೆಕ್ಕ ಹಾಕಿ ತೋರಿಸಿದೆ. ಧರೆಯ ಎತ್ತರ 3 ಮೀಟರ್. ಹಿಂದಿನ ಮಣ್ಣಿನಲ್ಲಿ ನೀರು ನಿಲ್ಲದಿದ್ದರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಬೀಳುವ ತಳ್ಳು ಸುಮಾರು 2.7 ಟನ್. ಅದೇ ಮಣ್ಣು ನೆತ್ತಿಯವರೆಗೆ ನೀರು ತುಂಬಿಕೊಂಡರೆ ನೀರಿನದೇ ತಳ್ಳು ನಾಲ್ಕೂವರೆ ಟನ್. ನೀರಿನಲ್ಲಿ ಮುಳುಗಿದ ಮಣ್ಣಿನ ಪಾಲನ್ನೂ ಸೇರಿಸಿದರೆ ಒಟ್ಟು 5.8 ಟನ್‌ಗೆ ಹತ್ತಿರ. ನೆತ್ತಿಯಲ್ಲಿ ಅರ್ಧ ಮೀಟರ್, ಬುಡದಲ್ಲಿ 1.8 ಮೀಟರ್ ಅಗಲದ ಸೈಜುಗಲ್ಲಿನ ಗೋಡೆ ಮೀಟರಿಗೆ ಸುಮಾರು 8 ಟನ್ ತೂಗುತ್ತದೆ. ಪಾಯದ ಕೆಳಗಿನ ಘರ್ಷಣೆ ಅದರ ಅರ್ಧ ಎಂದು ಹಿಡಿದರೆ 4 ಟನ್ ತಳ್ಳುವವರೆಗೆ ಗೋಡೆ ಜಾರುವುದಿಲ್ಲ. ಅಂದರೆ ನೀರು ಬಸಿದರೆ ಒಂದೂವರೆ ಪಟ್ಟು ಭದ್ರ, ನೀರು ನಿಂತರೆ ಇದೇ ಗೋಡೆ ಇಡಿಯಾಗಿ ಮುಂದಕ್ಕೆ ಜಾರುತ್ತದೆ. ದಪ್ಪ ಹೆಚ್ಚಿಸಿಯೇ ಗೆಲ್ಲುತ್ತೇನೆಂದು ಹೊರಟರೆ ಕಲ್ಲಿನ ಖರ್ಚು ಎರಡು ಪಟ್ಟಾದರೂ ಸಾಲದು. ಪೈಪು, ಜಲ್ಲಿಗೆ ಆಗುವ ಖರ್ಚು ಅದರ ಮುಂದೆ ತೀರಾ ಸಣ್ಣದು.

ಪಾಯ ತೆಗೆಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿದೆವು. ಧರೆಯ ಮೇಲ್ಭಾಗದಲ್ಲಿ ತೂತುತೂತಾದ ಜಂಬಿಟ್ಟಿಗೆ, ಕೆಳಗೆ ಶೇಡಿ ಮಣ್ಣು. ಜಂಬಿಟ್ಟಿಗೆಯಲ್ಲಿ ಸಲೀಸಾಗಿ ಇಳಿದ ನೀರು ಶೇಡಿಯ ಮೇಲೆ ತಡೆದು ಅಡ್ಡಕ್ಕೆ ಹರಿಯುತ್ತದೆ. ಒಣಗಿದ್ದಾಗ ಹಾರೆಗೂ ಜಗ್ಗದ ಶೇಡಿ ನೆನೆದರೆ ಕೈಯಲ್ಲಿ ಕಲಸಿಹೋಗುತ್ತದೆ, ಮಲೆನಾಡಿನ ಎಷ್ಟೋ ಕುಸಿತಗಳು ಶುರುವಾಗುವುದು ಈ ಎರಡು ಪದರ ಸೇರುವ ಜಾಗದಲ್ಲೇ. ಇಲ್ಲಿ ಇನ್ನೊಂದು ಕಾರಣವೂ ಇತ್ತು. ಧರೆಯ ಮೇಲಿನ ಕೊಟ್ಟಿಗೆಗೆ ಮಾಡಿನ ನೀರು ಹಿಡಿದು ಸಾಗಿಸುವ ದಂಬೆ ಇರಲಿಲ್ಲ. ಅದರ ಮಾಡು ಹೆಚ್ಚುಕಡಿಮೆ 100 ಚದರ ಮೀಟರ್. ಒಂದು ದಿನ 100 ಮಿ.ಮೀ. ಮಳೆ ಬಂದರೆ 10,000 ಲೀಟರ್ ನೀರು ನೇರ ಗೋಡೆಯ ಬೆನ್ನಿಗೆ. ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರುವ ಆಗುಂಬೆಯ ಸೀಮೆಯಲ್ಲಿ ಅಂಥ ದಿನಗಳು ಅಪರೂಪವಲ್ಲ. ಮೊದಲು ಮಾಡಿಸಿದ್ದೇ ಆ ದಂಬೆ. ಧರೆಯ ನೆತ್ತಿಯಿಂದ ಒಂದೂವರೆ ಮೀಟರ್ ಹಿಂದೆ ಕಾಂಕ್ರೀಟ್ ಚರಂಡಿ ಮಾಡಿ ಎಲ್ಲ ನೀರನ್ನೂ ಪಕ್ಕದ ತೋಟದ ಕಪ್ಪಿಗೆ, ಅಂದರೆ ಬಸಿಗಾಲುವೆಗೆ, ಬಿಟ್ಟೆವು. ಕೊಟ್ಟಿಗೆ ಪಕ್ಕ ಇಂಗುಗುಂಡಿ ತೋಡುವ ಯೋಚನೆ ಗೌಡ್ರಿಗಿತ್ತು. ಇಂಗುಗುಂಡಿ ಒಳ್ಳೆಯದೇ, ಧರೆಯ ನೆತ್ತಿಯಲ್ಲಿ ಮಾತ್ರ ಖಂಡಿತ ಬೇಡ. ಶೌಚದ ಗುಂಡಿಗೂ ಇದೇ ಮಾತು.

ಗೋಡೆ ಕೆಲಸ ಕೊಯ್ಲು ಮುಗಿದ ಮೇಲೆ ಬೇಸಿಗೆಯಲ್ಲಿ ನಡೆಯಿತು. ಧರೆಯನ್ನು ಉದ್ದಕ್ಕೂ ಒಮ್ಮೆಲೇ ಬಿಚ್ಚಲು ನಾನು ಬಿಡಲಿಲ್ಲ. ಮೂರು ಮೂರು ಮೀಟರಿನ ತುಂಡುಗಳಾಗಿ, ಒಂದು ಬಿಟ್ಟು ಒಂದು ತೆಗೆದು ಕಟ್ಟಿಸಿದೆ. ಹಿಟಾಚಿಯವನಿಗೆ ಇದು ಕಿರಿಕಿರಿ, ಬಾಡಿಗೆಯೂ ಹೆಚ್ಚು. ಆದರೆ ಕೆಳಗೆ ಆಳುಗಳು ಬಗ್ಗಿ ಕೆಲಸ ಮಾಡುವಾಗ ಧರೆ ಜರಿದರೆ ಓಡಲೂ ಜಾಗವಿರುವುದಿಲ್ಲ. ಇದರಲ್ಲಿ ನಾನು ಯಾರ ಒತ್ತಾಯಕ್ಕೂ ಮಣಿಯುವುದಿಲ್ಲ.

ಗೋಡೆಯ ಬೆನ್ನಿಗೆ ಒಂದಡಿಗೂ ಹೆಚ್ಚು ದಪ್ಪ ಜಲ್ಲಿ ತುಂಬಿಸಿದೆವು. ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಅದಿಲ್ಲದಿದ್ದರೆ ಶೇಡಿಯ ನುಣುಪು ಮಣ್ಣು ಕೆಲವೇ ಮಳೆಗಾಲಗಳಲ್ಲಿ ಜಲ್ಲಿಯ ಸಂದು ತುಂಬಿಬಿಡುತ್ತದೆ. ಬುಡದಲ್ಲಿ ತೂತು ಕೊರೆದ 110 ಮಿ.ಮೀ. ಪಿವಿಸಿ ಪೈಪು, ನೂರಕ್ಕೆ ಒಂದರ ಇಳಿಜಾರಿನಲ್ಲಿ. ಗೋಡೆಯಲ್ಲಿ ಒಂದೂವರೆ ಮೀಟರಿಗೊಂದರಂತೆ ವೀಪ್ ಹೋಲ್, ಅಂದರೆ ನೀರು ಹೊರಬರುವ ಪೈಪಿನ ತೂತು, ಮೇಲಿನ ಸಾಲಿನವು ಕೆಳಗಿನ ಎರಡರ ನಡುವೆ ಬರುವಂತೆ, ಎಲ್ಲವೂ ಹೊರಗೆ ವಾಲಿಸಿ. 'ಇಷ್ಟ್ ತೂತು ಬಿಟ್ರೆ ಗೋಡೆ ಬಲ ಕಮ್ಮಿ ಆಗಲ್ವಾ ಸಾರ್?' ಎಂದು ಮೇಸ್ತ್ರಿ ಕೇಳಿದರು. ಬಕೆಟ್ಟಿನಲ್ಲಿ ನೀರು ತರಿಸಿ ಜಲ್ಲಿಯ ಮೇಲೆ ಸುರಿಸಿದೆ. ಕೆಳಸಾಲಿನ ಪೈಪುಗಳಲ್ಲಿ ಅದು ಇಳಿದು ಬಂದದ್ದನ್ನು ನೋಡಿದ ಮೇಲೆ ಅವರೇ ಪ್ರತಿ ಪೈಪಿನ ಬಾಯಿಗೆ ಗಾರೆ ಹೋಗದಂತೆ ಗೋಣಿ ತುರುಕಿ ಕಾಯ್ದರು. ಅಗೆದು ತೆಗೆದ ಶೇಡಿಯನ್ನೇ ಹಿಂದೆ ತುಂಬುವ ಅಭ್ಯಾಸ ಎಲ್ಲೆಡೆ ಇದೆ, ಪುಕ್ಕಟೆ ಸಿಗುತ್ತದಲ್ಲ. ನಾವು ಅದನ್ನು ಸಾಗಿಸಿ, ನೀರು ಬಸಿಯುವ ಗರಸು ಮಣ್ಣು, ಅಂದರೆ ಮೊರಂ, ತರಿಸಿದೆವು. ಮೇಲಿನ ಒಂದಡಿಗೆ ಮಾತ್ರ ಜಿಗುಟು ಮಣ್ಣು ಹಾಕಿ ಧಮ್ಮಸು ಮಾಡಿಸಿದ್ದು, ಮಳೆನೀರು ನೇರ ಒಳಗಿಳಿಯದಿರಲಿ ಎಂದು.

ಕೆಲಸ ಒಪ್ಪಿಸುವಾಗ ಗೌಡ್ರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಮೇ ತಿಂಗಳಲ್ಲಿ ಪ್ರತಿ ಪೈಪಿಗೂ ಸರಳು ಹಾಕಿ ಕಸ, ಇರುವೆ ಗೂಡು ತೆಗೆಸಿ. ಮಳೆಗಾಲದಲ್ಲಿ ಪೈಪಿನಿಂದ ತಿಳಿನೀರು ಬರುತ್ತಿದ್ದರೆ ಹೆದರಬೇಡಿ. ನೀರು ಕೆಂಪಾಗಿ ಬಂದರೆ ಒಳಗೆ ಮಣ್ಣು ಕೊಚ್ಚುತ್ತಿದೆ. ಹರಿಯುತ್ತಿದ್ದ ಪೈಪು ಜೋರು ಮಳೆಯಲ್ಲೂ ಫಕ್ಕನೆ ನಿಂತರೆ ಅದು ಇನ್ನೂ ಅಪಾಯ, ನೀರು ಹಿಂದೆ ಕಟ್ಟಿಕೊಳ್ಳುತ್ತಿದೆ. ಧರೆಯ ನೆತ್ತಿಯಲ್ಲಿ ಅಂಚಿಗೆ ಸಮಾನಾಂತರವಾಗಿ ಬಿರುಕು ಕಂಡರೆ ಇಂಜಿನಿಯರಿಗೆ ಫೋನ್ ಮಾಡುವುದು ಆಮೇಲೆ. ಮೊದಲು ಆ ಬದಿಯ ಕೋಣೆಗಳಲ್ಲಿ ಮಲಗಿದವರನ್ನು ಎಬ್ಬಿಸಿ ಹೊರಗೆ ಕಳಿಸಿ.