ನನ್ನ ವರದಿಯನ್ನು ವೇದಿಕೆಗೆ ತಂದ ಬಗೆ

ಕಾರ್ಖಾನೆ ಅಪಘಾತವೊಂದರ ಬಗ್ಗೆ ಬರೆದ ವರದಿಯನ್ನು ಜನರ ಎದುರು ನಿಂತು ಹೇಳಬೇಕು ಅಂತ ತೀರ್ಮಾನವಾದಾಗ, ಸ್ಕ್ರಿಪ್ಟ್‌ಗಿಂತ ಮೊದಲು ಒಂದು ಫೋನ್ ಮಾಡಿದೆ. ಗಂಡನನ್ನು ಕಳೆದುಕೊಂಡ ಆ ಹೆಣ್ಣುಮಗಳು ಪತ್ರಿಕೆಗೆ ಒಪ್ಪಿಗೆ ಕೊಟ್ಟಿದ್ದರು, ನಿಜ. ಆದರೆ ಅಚ್ಚಾಗುವುದೇ ಬೇರೆ, ಸಭಾಂಗಣದಲ್ಲಿ ಕೂತವರ ಮುಂದೆ ತಮ್ಮ ಕಥೆ ಬರುವುದೇ ಬೇರೆ ಅಲ್ವಾ? ಅವರು ಒಪ್ಪಿದರು. ಮಗನ ವಿಷಯ ಮಾತ್ರ ಬೇಡ ಅಂದರು. ಆ ಭಾಗ ತೆಗೆದೆ.

ಸುದ್ದಿ ರಂಗಕ್ಕೆ ಬಂದದ್ದು ಈಗಲ್ಲ. ಅಮೆರಿಕದಲ್ಲಿ 1930ರ ದಶಕದಲ್ಲೇ ‘ಲಿವಿಂಗ್ ನ್ಯೂಸ್‌ಪೇಪರ್’ ನಾಟಕಗಳಿದ್ದವು. ಅಲ್ಲಿ ಸುದ್ದಿ ಹೇಳುತ್ತಿದ್ದವರು ನಟರು. 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ‘ಪಾಪ್-ಅಪ್ ಮ್ಯಾಗಜೀನ್’ ಅನ್ನುವ ವೇದಿಕೆ ಕಾರ್ಯಕ್ರಮದಲ್ಲಿ ಸುದ್ದಿ ಹುಡುಕಿದವರೇ ಬಂದು ನಿಂತರು. ಫಿನ್ಲೆಂಡಿನ ಹೆಲ್ಸಿಂಗಿನ್ ಸನೊಮಾಟ್ ಪತ್ರಿಕೆಯೂ 2016ರಲ್ಲಿ ‘ಮುಸ್ತಾ ಲಾಟಿಕ್ಕೊ’ ಹೆಸರಿನಲ್ಲಿ ತನ್ನ ವರದಿಗಾರರನ್ನು ವೇದಿಕೆ ಹತ್ತಿಸಿತು. ಪಾಪ್-ಅಪ್‌ನವರು ರಂಗಮಂದಿರದ ಶೋಗಳನ್ನು ರೆಕಾರ್ಡ್ ಮಾಡುತ್ತಿರಲಿಲ್ಲ. ನಾವೂ ಅದನ್ನೇ ಪಾಲಿಸಿದೆವು. ಆ ಹೆಣ್ಣುಮಗಳು ಒಪ್ಪಿದ್ದಕ್ಕೆ ಇದೂ ಒಂದು ಕಾರಣ.

ಓದುಗರು ಅರ್ಥವಾಗದಿದ್ದರೆ ಹಿಂದಿನ ಸಾಲಿಗೆ ಹೋಗಬಹುದು. ಕೇಳುವವರಿಗೆ ಆ ಅವಕಾಶ ಇಲ್ಲ. ಹಾಗಾಗಿ ಅಂಕಿಸಂಖ್ಯೆ ಕಡಿಮೆ ಮಾಡಿದೆ, ಹೆಸರುಗಳನ್ನೂ ಇಳಿಸಿದೆ. ಇದು ಸುಲಭದ ಕೆಲಸ.

ಕಷ್ಟವಾದದ್ದು ‘ತನಿಖಾ ವರದಿಯ ಪ್ರಕಾರ’, ‘ಎಂಬುದು ಕಾರ್ಮಿಕರ ಆರೋಪ’ ಅನ್ನುವ ಮಾತುಗಳು. ಇವು ಓಟ ಕೆಡಿಸುತ್ತವೆ, ತೆಗೆಯಿರಿ ಅಂದರು ನಿರ್ದೇಶಕರು. ಬೆಳಕು, ನಿಲುವು, ದನಿ ಎಲ್ಲದರಲ್ಲೂ ಅವರು ಹೇಳಿದಂತೆ ಕೇಳಿದ್ದೆ. ಇದಕ್ಕೆ ಮಾತ್ರ ಒಪ್ಪಲಿಲ್ಲ. ವೇದಿಕೆ ಮೇಲೆ ಆರೋಪ ಬಹಳ ಬೇಗ ಸತ್ಯದಂತೆ ಕೇಳಿಸುತ್ತದೆ. ಕೊನೆಗೆ ಇಬ್ಬರೂ ಕೂತು ಒಂದು ದಾರಿ ಹುಡುಕಿದೆವು. ತನಿಖಾ ವರದಿಯ ಆ ಪುಟವನ್ನೇ ಪರದೆ ಮೇಲೆ ತೋರಿಸಿ ನಾನು ಸುಮ್ನೆ ನಿಂತೆ. ಜನ ತಾವೇ ಓದಿಕೊಂಡರು. ಕಂಪನಿ ಕೊಟ್ಟ ಉತ್ತರವನ್ನೂ ಹಾಗೆಯೇ, ಅಷ್ಟೇ ಹೊತ್ತು ತೋರಿಸಿದೆವು.

ಆ ಹೆಣ್ಣುಮಗಳ ಮಾತನ್ನು ನಾನು ಅಭಿನಯಿಸಲಿಲ್ಲ. ಅನುಮತಿ ಪಡೆದು ಸಂದರ್ಶನದ ಆಡಿಯೊವನ್ನೇ ಹಾಕಿದೆವು. ಅಲ್ಲಿ ಹಿನ್ನೆಲೆ ಸಂಗೀತ ಬೇಡ ಅಂತ ಹಟ ಹಿಡಿದೆ. ಅವರ ದನಿಗೆ ಪಿಟೀಲಿನ ಆಸರೆ ಬೇಕಿರಲಿಲ್ಲ.

ಶೋ ದಿನ ಬೆಳಿಗ್ಗೆ ಇನ್ನೊಮ್ಮೆ ಎಲ್ಲ ವಿವರ ಪರಿಶೀಲಿಸಿದೆ. ಪ್ರಕರಣದ ವಿಚಾರಣೆ ಮುಂದಕ್ಕೆ ಹೋಗಿತ್ತು. ಬಾಯಿಪಾಠವಾಗಿದ್ದ ಸಾಲು ಬದಲಾಯಿತು.

ಮುಗಿದ ಮೇಲೆ ಬೇಗ ಹೊರಡಬೇಡಿ ಅಂತ ಈ ಕೆಲಸಕ್ಕೆ ಬರುವವರಿಗೆ ಹೇಳುತ್ತೇನೆ. ಅಂಥದ್ದೇ ಕಾರ್ಖಾನೆಯಲ್ಲಿ ದುಡಿದಿದ್ದ ಒಬ್ಬರು ಜನ ಕರಗುವವರೆಗೆ ಕಾದಿದ್ದು, ರಾತ್ರಿ ಪಾಳಿಯಲ್ಲಿ ಯಂತ್ರದ ಸುರಕ್ಷತಾ ಸ್ವಿಚ್ ಹೇಗೆ ಬಂದ್ ಮಾಡಿಸುತ್ತಿದ್ದರು ಅಂತ ವಿವರಿಸಿದರು. ಆ ಜಾಡು ಹಿಡಿದು ಈಗ ಕೆಲಸ ಮಾಡುತ್ತಿದ್ದೇನೆ.